ನೀವಾಗಿದ್ರೆ ಯಾರಿಗೆ ಓಟು, ತಾತ?

ಹೋದ ವಾರ ಬುಧವಾರ ಸಂಜೆ ನಮ್ಮ ಪುಟ್ಟಿ ಶಾಲೆಯಿಂದ ಬಂದವಳೇ ಬ್ಯಾಗನ್ನು ಮೂಲೆಗೆ ಎಸೆದು, ಕೈಕಾಲು ಕೂಡ ತೊಳೆಯದೆ ನನ್ನ ಎದುರು ಬಂದು ಕೂತಳು. ಮುಖ ಗಂಭೀರವಾಗಿತ್ತು. ಗಣಿತದ ಅಂಕ ಬಂದಿರಬೇಕು ಎಂದುಕೊಂಡೆ. ಅಲ್ಲವಂತೆ.

"ತಾತ, ಶುಕ್ರವಾರ ನಮ್ಮ ಚೆಸ್ ಕ್ಲಬ್ಬಿಗೆ ಲೀಡರ್ ಎಲೆಕ್ಷನ್. ಇಬ್ರು ನಿಂತಿದ್ದಾರೆ. ಯಾರಿಗೆ ಹಾಕ್ಬೇಕೂಂತ ಗೊತ್ತಾಗ್ತಿಲ್ಲ."

ಒಬ್ಬ ಎಂಟನೇ ತರಗತಿಯ ಹುಡುಗ. ಇಡೀ ಶಾಲೆಯಲ್ಲಿ ಅವನನ್ನು ಸೋಲಿಸುವವರಿಲ್ಲ. ಆದರೆ ಚಿಕ್ಕ ಮಕ್ಕಳು ತಪ್ಪಾಗಿ ಕುದುರೆ ನಡೆಸಿದರೆ ಬಿದ್ದು ಬಿದ್ದು ನಗುತ್ತಾನೆ. ಇನ್ನೊಬ್ಬಳು ಪುಟ್ಟಿಯ ತರಗತಿಯವಳೇ. ಆಟ ಅಷ್ಟಕ್ಕಷ್ಟೆ. ಆದರೆ "ನಾನು ಗೆದ್ರೆ ನಮ್ಮಪ್ಪ ಕ್ಲಬ್ಬಿಗೆ ನಾಲ್ಕು ಚೆಸ್ ಗಡಿಯಾರ ಕೊಡಿಸ್ತಾರೆ" ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ.

"ಇದೇನು ದೊಡ್ಡ ವಿಷಯ? ಇದೇ ಕಷ್ಟದಲ್ಲಿ ಪ್ರಪಂಚದ ದೊಡ್ಡ ದೊಡ್ಡ ಚೆಸ್ ಆಟಗಾರರೂ ಸಿಕ್ಕಿಹಾಕಿಕೊಂಡಿದ್ದರು" ಎಂದೆ. ಅಷ್ಟು ಸಾಕಾಯಿತು. ಕೈಕಾಲು ತೊಳೆದು, ಚಕ್ಕುಲಿ ಡಬ್ಬಿ ಹಿಡಿದು ಕಥೆಗೆ ಕೂತೇಬಿಟ್ಟಳು. ಮಕ್ಕಳೇ, ಅವಳಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ. ಅಜ್ಜ ಅಜ್ಜಿಯರೂ ಪಕ್ಕದಲ್ಲಿ ಕೂರಲಿ. ಕಾರ್ಪೋವ್, ಕಾಸ್ಪರೋವ್ ಎಂದರೆ ನಿಮಗಿಂತ ಅವರಿಗೇ ಹೆಚ್ಚು ನೆನಪಿರುತ್ತದೆ.

ಪ್ರಪಂಚದ ಚೆಸ್ ಆಟಕ್ಕೆಲ್ಲ ಒಂದು ಸಂಸ್ಥೆ ಇದೆ. ಹೆಸರು ಫಿಡೆ. 1924ರ ಜುಲೈ 20ರಂದು ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು. ಆಟದ ನಿಯಮ ಬರೆಯುವುದು, ಆಟಗಾರರ ರೇಟಿಂಗ್ ಲೆಕ್ಕ ಇಡುವುದು, ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಡುವುದು, ವಿಶ್ವ ಚಾಂಪಿಯನ್‌ಷಿಪ್ ನಡೆಸುವುದು ಎಲ್ಲವೂ ಅದರ ಕೆಲಸ. ಅದಕ್ಕೊಬ್ಬರು ಅಧ್ಯಕ್ಷರು. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಓಟು ಹಾಕುವುದು ಆಟಗಾರರಲ್ಲ, ದೇಶಗಳು. ಸದಸ್ಯ ದೇಶಗಳು ಸುಮಾರು ಇನ್ನೂರು, ಪ್ರತಿ ದೇಶಕ್ಕೂ ಒಂದೇ ಓಟು.

"ಇಂಡಿಯಾಕ್ಕೂ ಒಂದೇನಾ?"

ಒಂದೇ. ಶಾಂತಸಾಗರದಲ್ಲಿ ನೌರು ಎಂಬ ದ್ವೀಪ ದೇಶವಿದೆ. ಅಲ್ಲಿಯ ಜನರೆಲ್ಲ ಸೇರಿದರೂ ನಮ್ಮ ಒಂದು ಹೋಬಳಿಯಷ್ಟಾಗುವುದಿಲ್ಲ. ಅದಕ್ಕೂ ಒಂದು ಓಟು. ಡಜನ್ನುಗಟ್ಟಲೆ ಗ್ರ್ಯಾಂಡ್‌ಮಾಸ್ಟರುಗಳಿರುವ ನಮಗೂ ಒಂದು ಓಟು. ಇದು ಸರಿಯೋ ತಪ್ಪೋ ಎಂದು ಪುಟ್ಟಿ ಜಗಳ ಶುರುಮಾಡುವವಳಿದ್ದಳು. ಚಕ್ಕುಲಿ ಮುರಿದು ಕೈಗೆ ಕೊಟ್ಟು ಮುಂದಕ್ಕೆ ಹೋದೆ.

ಅಧ್ಯಕ್ಷರು ಯಾರಾದರೇನು, ಆಡುವವರು ಆಡುತ್ತಾರಲ್ಲ ಎನ್ನಬಹುದು. ಹಾಗಲ್ಲ. 1984ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ವಿಶ್ವ ಚಾಂಪಿಯನ್ ಅನಾತೊಲಿ ಕಾರ್ಪೋವ್ ಎದುರು ಇಪ್ಪತ್ತೊಂದು ವರ್ಷದ ಗ್ಯಾರಿ ಕಾಸ್ಪರೋವ್ ಕೂತರು. ಮೊದಲು ಆರು ಆಟ ಗೆದ್ದವರೇ ಚಾಂಪಿಯನ್, ಡ್ರಾ ಲೆಕ್ಕಕ್ಕಿಲ್ಲ. ಕಾರ್ಪೋವ್ ಬೇಗಬೇಗನೆ ನಾಲ್ಕು ಗೆದ್ದರು, ಆಮೇಲೆ ಐದನೆಯದೂ ಆಯಿತು. ಇನ್ನೊಂದೇ ಒಂದು ಬೇಕಿತ್ತು. ಆ ಒಂದು ಬರಲೇ ಇಲ್ಲ! ಡ್ರಾ ಮೇಲೆ ಡ್ರಾ. ತಿಂಗಳುಗಳು ಉರುಳಿದವು. ಕಾರ್ಪೋವ್ ಇಳಿದುಹೋಗಿದ್ದರು. ಕಾಸ್ಪರೋವ್ ಒಂದು ಗೆದ್ದರು. ಫೆಬ್ರವರಿಯ ಹೊತ್ತಿಗೆ ಕಾಸ್ಪರೋವ್ ಬೆನ್ನು ಬೆನ್ನಿಗೆ ಇನ್ನೆರಡು ಗೆದ್ದಿದ್ದರು. 5-3. ನಲವತ್ತೆಂಟು ಆಟ ಮುಗಿದಿತ್ತು, ಅದರಲ್ಲಿ ನಲವತ್ತು ಡ್ರಾ.

ಆಗ ಫಿಡೆ ಅಧ್ಯಕ್ಷರಾಗಿದ್ದ ಫಿಲಿಪೀನ್ಸಿನ ಫ್ಲೊರೆನ್ಸಿಯೊ ಕ್ಯಾಂಪೊಮನೆಸ್ ಬಂದು, ಎಲ್ಲರೂ ಬಳಲಿದ್ದಾರೆ, ಪಂದ್ಯ ನಿಲ್ಲಿಸಿದ್ದೇನೆ ಎಂದುಬಿಟ್ಟರು. ಗೆದ್ದವರಿಲ್ಲ, ಸೋತವರಿಲ್ಲ. ನಾನಾಗ ಬ್ಯಾಂಕಿನಲ್ಲಿ ಕೆಲಸಕ್ಕಿದ್ದೆ. ಪೇಪರಿನಲ್ಲಿ ಅದನ್ನು ಓದಿ ಊಟದ ಹೊತ್ತಿನಲ್ಲಿ ನಾವು ನಾಲ್ಕು ಜನ ಕಿತ್ತಾಡಿದ್ದು ಈಗಲೂ ನೆನಪಿದೆ. ಕಾಸ್ಪರೋವ್ ಕಿಡಿಕಿಡಿಯಾದರು. ತಾನು ಗೆಲ್ಲಲು ಶುರುಮಾಡಿದಾಗಲೇ ನಿಲ್ಲಿಸಿದರು ಎಂದು ಅವರ ಸಿಟ್ಟು. ಅದೇ ವರ್ಷ ನವೆಂಬರಿನಲ್ಲಿ ಮತ್ತೆ ಆಡಿ ಇಪ್ಪತ್ತೆರಡನೇ ವಯಸ್ಸಿಗೆ ಚಾಂಪಿಯನ್ ಆದರು. ಸಿಟ್ಟು ಮಾತ್ರ ಹೋಗಲಿಲ್ಲ. 1990ರವರೆಗೆ ಅವರಿಬ್ಬರು ಒಟ್ಟು ಐದು ಸಲ ವಿಶ್ವ ಪಟ್ಟಕ್ಕಾಗಿ ಎದುರುಬದುರು ಕೂತರು. ಹಾವು ಮುಂಗುಸಿ ಎಂದರೆ ಅವರೇ.

ಈಗ ಇಪ್ಪತ್ತೈದು ವರ್ಷ ಮುಂದೆ ಬನ್ನಿ. 2010. ಫಿಡೆ ಅಧ್ಯಕ್ಷ ಸ್ಥಾನಕ್ಕೆ ಕಾರ್ಪೋವ್ ನಿಂತರು. ಅವರ ಪರವಾಗಿ ಊರೂರು ಸುತ್ತಿ ಓಟು ಕೇಳಿದವರು ಯಾರು ಗೊತ್ತೆ?

"ಕಾಸ್ಪರೋವ್? ಸುಳ್ಳು!"

ಸುಳ್ಳಲ್ಲ ಪುಟ್ಟಿ. ಮಧ್ಯೆ ಒಂದು ಘಟನೆ ನಡೆದಿತ್ತು. 2007ರಲ್ಲಿ ಕಾಸ್ಪರೋವ್ ಮಾಸ್ಕೋದಲ್ಲಿ ಸರ್ಕಾರದ ವಿರುದ್ಧ ಮೆರವಣಿಗೆ ಮಾಡಿ ಐದು ದಿನ ಜೈಲಿನಲ್ಲಿದ್ದರು. ಆಗ ಅವರನ್ನು ನೋಡಲೆಂದು ಜೈಲಿನ ಬಾಗಿಲಿಗೆ ಹೋದವರಲ್ಲಿ ಕಾರ್ಪೋವ್ ಒಬ್ಬರು. ಒಳಗೆ ಬಿಡಲಿಲ್ಲ, ವಾಪಸಾದರು. ಆದರೆ ಬಂದಿದ್ದರು ಎಂಬುದು ಕಾಸ್ಪರೋವ್ ಮನಸ್ಸಿನಲ್ಲಿ ಉಳಿಯಿತು. ಇಬ್ಬರ ರಾಜಕೀಯ ಒಂದಲ್ಲ, ಸ್ವಭಾವ ಒಂದಲ್ಲ. ಆದರೂ ಫಿಡೆ ಸರಿಹೋಗಬೇಕು ಎಂಬ ಒಂದು ಮಾತಿನಲ್ಲಿ ಇಬ್ಬರೂ ಒಂದಾದರು.

ಎದುರಾಳಿ ಕಿರ್ಸಾನ್ ಇಲ್ಯುಮ್‌ಜಿನೊವ್. 1995ರಿಂದ ಅವರೇ ಅಧ್ಯಕ್ಷರು. ರಷ್ಯಾದೊಳಗಿನ ಕಲ್ಮಿಕಿಯಾ ಎಂಬ ಸಣ್ಣ ಗಣರಾಜ್ಯಕ್ಕೂ ಅವರೇ ಅಧ್ಯಕ್ಷರಾಗಿದ್ದರು. ಅಲ್ಲಿಯ ಶಾಲೆಗಳಲ್ಲಿ ಚೆಸ್ಸನ್ನು ಪಾಠವನ್ನಾಗಿ ಮಾಡಿದರು. ಎಲಿಸ್ತಾ ಎಂಬ ಊರಿನಲ್ಲಿ 1998ರ ಒಲಿಂಪಿಯಾಡ್‌ಗಾಗಿ 'ಚೆಸ್ ನಗರ'ವನ್ನೇ ಕಟ್ಟಿಸಿದರು. ಇಷ್ಟಕ್ಕೇ ಪುಟ್ಟಿಯ ಕಣ್ಣು ಅರಳಿತ್ತು. 1997ರಲ್ಲಿ ಅನ್ಯಗ್ರಹದವರು ಹಳದಿ ಉಡುಪಿನಲ್ಲಿ ಬಂದು ನನ್ನನ್ನು ಮಾಸ್ಕೋದ ಮನೆಯಿಂದ ತಮ್ಮ ಹಡಗಿಗೆ ಕರೆದುಕೊಂಡು ಹೋಗಿದ್ದರು ಎಂದು ಅವರೇ ಟೀವಿಯಲ್ಲಿ ಹೇಳಿದ್ದಾರೆ ಎಂದಾಗ ಚಕ್ಕುಲಿ ಬಾಯಲ್ಲೇ ಉಳಿಯಿತು. ಅಡುಗೆಮನೆಯಿಂದ ನಮ್ಮ ಮನೆಯವಳು, "ಮಗೂಗೆ ಏನೇನೋ ಹೇಳ್ಬೇಡಿ" ಎಂದಳು. ಅವರೇ ಹೇಳಿದ್ದು ಕಣೇ, ನಾನೇನು ಮಾಡಲಿ?

2010ರ ಸೆಪ್ಟೆಂಬರ್ ಕೊನೆಗೆ ಸೈಬೀರಿಯಾದ ಖಾಂತಿ-ಮಾನ್ಸಿಸ್ಕ್ ಊರಿನಲ್ಲಿ ಓಟು ನಡೆಯಿತು. ಒಂದು ಕಡೆ ಹತ್ತು ವರ್ಷ ವಿಶ್ವ ಚಾಂಪಿಯನ್ ಆಗಿದ್ದವರು, ಅವರ ಬೆನ್ನಿಗೆ ಹದಿನೈದು ವರ್ಷ ಚಾಂಪಿಯನ್ ಆಗಿದ್ದವರು. ಇನ್ನೊಂದು ಕಡೆ ಅನ್ಯಗ್ರಹಕ್ಕೆ ಹೋಗಿಬಂದವರು. ಯಾರು ಗೆದ್ದರು?

"ಕಾರ್ಪೋವ್!"

ಇಲ್ಲ. ಕಾರ್ಪೋವ್ ಅವರಿಗೆ 55, ಇಲ್ಯುಮ್‌ಜಿನೊವ್ ಅವರಿಗೆ 95.

ಪುಟ್ಟಿಗೆ ಕೋಪ ಬಂತು. ಓಟು ಹಾಕಿದವರೆಲ್ಲ ಪೆದ್ದರೇ ಎಂದು ಕೇಳಿದಳು. ನನಗೂ ಆಗ ಹಾಗೇ ಅನಿಸಿತ್ತು. ಈಗ ಅಷ್ಟು ಸುಲಭವಾಗಿ ಹೇಳಲಾರೆ. ಮಕ್ಕಳೇ, ನೀವೊಂದು ಸಣ್ಣ ದ್ವೀಪದ ಮೇಷ್ಟ್ರು ಎಂದುಕೊಳ್ಳಿ. ನಿಮ್ಮ ದೇಶದಲ್ಲಿ ಇರುವುದು ಒಂದೋ ಎರಡೋ ಚೆಸ್ ಕ್ಲಬ್. ಮಣೆ ಹತ್ತು, ಕಾಯಿ ಅರ್ಧಂಬರ್ಧ, ಕಳೆದುಹೋದ ಆನೆಯ ಜಾಗಕ್ಕೆ ಬಾಟಲಿ ಮುಚ್ಚಳ. ಮಕ್ಕಳನ್ನು ಒಲಿಂಪಿಯಾಡ್‌ಗೆ ಕರೆದೊಯ್ಯಲು ವಿಮಾನದ ದುಡ್ಡಿಲ್ಲ. ಒಬ್ಬರು ಬಂದು ಹೇಳುತ್ತಾರೆ, ನಾನು ಗೆದ್ದರೆ ಲೆಕ್ಕಪತ್ರ ಶುದ್ಧವಾಗಿರುತ್ತದೆ, ದೊಡ್ಡ ಕಂಪನಿಗಳು ಪ್ರಾಯೋಜಕರಾಗಿ ಬರುತ್ತವೆ. ಇನ್ನೊಬ್ಬರು ಇಷ್ಟು ವರ್ಷಗಳಿಂದ ಪರಿಚಯದವರು, ನಿಮ್ಮ ಕಷ್ಟ ಕೇಳಿದವರು, ಮುಂದೆಯೂ ಕೇಳುತ್ತೇನೆ ಎನ್ನುತ್ತಾರೆ. ಕಾರ್ಪೋವ್ ಅವರ ಒಂಟೆಯ ನಡೆ ಎಷ್ಟು ಚೆಂದವಿದ್ದರೆ ಆ ಮೇಷ್ಟ್ರಿಗೇನು?

"ನಾನು ಗಡಿಯಾರ ಕೊಡೋರಿಗೇ ಹಾಕ್ತಿದ್ದೆ" ಎಂದಳು ಪುಟ್ಟಿ, ಸ್ವಲ್ಪ ಮೆಲ್ಲಗೆ.

ಅವಳಿಗೆ ಆಗ ನನ್ನದೇ ಒಂದು ಕಥೆ ಹೇಳಬೇಕಾಯಿತು. ಯಾರಿಗೂ ಹೇಳಿರಲಿಲ್ಲ.

ನನಗೆ ಇಪ್ಪತ್ತನಾಲ್ಕು ವರ್ಷ. ನಮ್ಮೂರಿನಲ್ಲಿ ಒಂದು ವಾಚನಾಲಯ ಇತ್ತು. ಒಂದು ಕೇರಂ ಬೋರ್ಡು, ಎರಡು ಚೆಸ್ ಮಣೆ, ಪತ್ರಿಕೆಗಳು. ಕಾರ್ಯದರ್ಶಿ ಸ್ಥಾನಕ್ಕೆ ಇಬ್ಬರು ನಿಂತರು. ಒಬ್ಬರು ಹೈಸ್ಕೂಲು ಮೇಷ್ಟ್ರು, ನಮಗೆಲ್ಲ ಚೆಸ್ ಕಲಿಸಿದವರು. ಮಾತು ಒರಟು. ಇನ್ನೊಬ್ಬರು ಅಂಗಡಿಯವರು. ಅವರು ಚುನಾವಣೆಗೆ ಮೊದಲೇ ಎರಡು ಟ್ಯೂಬ್‌ಲೈಟ್ ಹಾಕಿಸಿಬಿಟ್ಟರು. ಅಲ್ಲಿಯವರೆಗೆ ನಾವು ಕಂದೀಲಿನಷ್ಟು ಮಂಕು ಬಲ್ಬಿನಡಿ ಆಡುತ್ತಿದ್ದವರು. ಬೆಳಕು ಬಂತಲ್ಲ, ಅಂಗಡಿಯವರಿಗೇ ಓಟು ಹಾಕಿದೆ. ಮೇಷ್ಟ್ರ ಮುಖ ನೋಡದೆ ಹಾಕಿದೆ. ಮೂರು ಓಟಿನಿಂದ ಅವರು ಸೋತರು.

ಟ್ಯೂಬ್‌ಲೈಟು ಚೆನ್ನಾಗಿಯೇ ಉರಿಯಿತು. ಆದರೆ ಬೀರುವಿನ ಬೀಗದ ಕೈ ಅಂಗಡಿಗೆ ಹೋಯಿತು. ಚೆಸ್ ಮಣೆ ಬೇಕೆಂದರೆ ಅಂಗಡಿಗೆ ಹೋಗಿ ಕೇಳಬೇಕು. ಅವರಿಗೆ ಓಟು ಹಾಕಿದ ಮನೆಯ ಹುಡುಗರಿಗೆ ಕೀಲಿ ಬೇಗ ಸಿಗುತ್ತಿತ್ತು. ಮಿಕ್ಕವರಿಗೆ "ನಾಳೆ ಬಾ". ನನಗೆ ಸಿಗುತ್ತಿತ್ತು, ಅದೇ ಕಷ್ಟ. ನಾನು ಆಡುತ್ತಿದ್ದೆ, ಕಿಟಕಿಯಾಚೆ ನಿಂತು ಇಬ್ಬರು ಹುಡುಗರು ನೋಡುತ್ತಿದ್ದರು. ಮೇಷ್ಟ್ರು ಆಮೇಲೆ ವಾಚನಾಲಯದ ಕಡೆ ಬರಲಿಲ್ಲ.

ಪುಟ್ಟಿ ಏನೂ ಹೇಳಲಿಲ್ಲ. ನಾನು ಫಿಡೆ ಕಥೆಗೆ ವಾಪಸಾದೆ.

2014ರಲ್ಲಿ ನಾರ್ವೆಯ ಟ್ರೊಮ್ಸೊದಲ್ಲಿ ಕಾಸ್ಪರೋವ್ ತಾವೇ ನಿಂತರು. ಇಲ್ಯುಮ್‌ಜಿನೊವ್ 110, ಕಾಸ್ಪರೋವ್ 61. ಆ ಚುನಾವಣೆಗೆ ಮೊದಲು ಒಂದು ಒಪ್ಪಂದದ ಕಾಗದ ಹೊರಬಿದ್ದಿತ್ತು. ಫಿಡೆಯ ಆಗಿನ ಪ್ರಧಾನ ಕಾರ್ಯದರ್ಶಿಗೂ ಕಾಸ್ಪರೋವ್ ಅವರಿಗೂ ನಡುವೆ ಹಣದ ಮಾತು, ಬೆಂಬಲದ ಮಾತು ಅದರಲ್ಲಿತ್ತು. ಅದು ಚೆಸ್ ಬೆಳೆಸಲು ಎಂದು ಕಾಸ್ಪರೋವ್ ಸಮರ್ಥಿಸಿಕೊಂಡರು. ಮರುವರ್ಷ ಫಿಡೆಯ ನೀತಿ ಸಮಿತಿ ಇಬ್ಬರನ್ನೂ ಎರಡು ವರ್ಷ ಹೊರಗಿಟ್ಟಿತು. ಫಿಡೆಯನ್ನು ಶುದ್ಧ ಮಾಡುತ್ತೇನೆಂದು ಹೊರಟವರ ಮೇಲೇ ಕಲೆ ಬಿತ್ತು. ಅವರ ಅಭಿಮಾನಿಯಾದ ನನಗೆ ಇದು ನುಂಗಲಾರದ ತುತ್ತು.

ಗೆದ್ದವರ ಕಥೆಯೂ ಸುಖವಾಗಿ ಮುಗಿಯಲಿಲ್ಲ. 2015ರಲ್ಲಿ ಅಮೆರಿಕ ಇಲ್ಯುಮ್‌ಜಿನೊವ್ ಅವರ ಮೇಲೆ ನಿರ್ಬಂಧ ಹೇರಿತು. ಸಿರಿಯಾ ಸರ್ಕಾರದ ಜೊತೆ ಅವರ ವ್ಯವಹಾರ ಇದಕ್ಕೆ ಕಾರಣ ಎಂದಿತು. ಅದರ ಬಿಸಿ ಫಿಡೆಗೂ ತಟ್ಟಿ, 2018ರಲ್ಲಿ ಸ್ವಿಸ್ ಬ್ಯಾಂಕು ಫಿಡೆಯ ಖಾತೆಯನ್ನೇ ಮುಚ್ಚಿತು. ಬ್ಯಾಂಕಿನಲ್ಲಿದ್ದವನಾಗಿ ಹೇಳುತ್ತೇನೆ, ಖಾತೆ ಮುಚ್ಚಿಸಿಕೊಂಡ ಸಂಸ್ಥೆಗೆ ಒಂದು ಗಡಿಯಾರ ಕೊಳ್ಳುವುದೂ ಕಷ್ಟ. ಆ ವರ್ಷ ಜಾರ್ಜಿಯಾದ ಬಟುಮಿಯಲ್ಲಿ ಹೊಸ ಅಧ್ಯಕ್ಷರಾಗಿ ರಷ್ಯಾದ ಅರ್ಕಾದಿ ಡ್ವೊರ್ಕೊವಿಚ್ 103-78ರಲ್ಲಿ ಗೆದ್ದರು. 2010ರಲ್ಲಿ ಕಾರ್ಪೋವ್ ವಿರುದ್ಧ ನಿಂತವರಲ್ಲಿ ಇವರೂ ಒಬ್ಬರು! ಆದರೆ ಇವರು ಬಂದ ಮೇಲೆ ಆಡಳಿತ ಸುಧಾರಿಸಿತು ಎಂದು ಟೀಕಾಕಾರರಲ್ಲೂ ಹಲವರು ಒಪ್ಪಿದರು.

ಇಷ್ಟು ಹೇಳುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಇನ್ನು ಉಳಿದದ್ದು ನಮ್ಮ ನೆರೆಯಲ್ಲೇ ನಡೆದ ಕಥೆ.

2022ರ ಒಲಿಂಪಿಯಾಡ್ ಮಾಸ್ಕೋದಲ್ಲಿ ನಡೆಯಬೇಕಿತ್ತು. ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧಕ್ಕೆ ಹೋಯಿತು. ಫಿಡೆ ಒಲಿಂಪಿಯಾಡನ್ನು ಅಲ್ಲಿಂದ ತೆಗೆಯಿತು. ಅದು ಬಂದದ್ದು ಚೆನ್ನೈ ಪಕ್ಕದ ಮಾಮಲ್ಲಪುರಕ್ಕೆ. ಪಂಚೆಯುಟ್ಟ 'ತಂಬಿ' ಕುದುರೆಯ ಚಿತ್ರ ನಿಮಗೆ ನೆನಪಿರಬಹುದು. ಒಲಿಂಪಿಯಾಡ್ ನಡುವೆಯೇ, ಆಗಸ್ಟ್ 7ರಂದು, ಅಧ್ಯಕ್ಷರ ಚುನಾವಣೆ.

ಡ್ವೊರ್ಕೊವಿಚ್ ಮತ್ತೆ ನಿಂತರು. ಅವರು ರಷ್ಯಾದ ಉಪಪ್ರಧಾನಿಯಾಗಿದ್ದವರು. ಯುದ್ಧ ಕೆಟ್ಟದ್ದು ಎಂಬರ್ಥದ ಮಾತನ್ನು ಮಾರ್ಚಿನಲ್ಲಿ ಆಡಿದ್ದಕ್ಕೆ ತಮ್ಮ ದೇಶದಲ್ಲಿ ಟೀಕೆಗೆ ಒಳಗಾಗಿ, ಅಲ್ಲಿಯ ಸ್ಕೋಲ್ಕೊವೊ ಪ್ರತಿಷ್ಠಾನದ ಮುಖ್ಯಸ್ಥರ ಸ್ಥಾನ ಬಿಟ್ಟಿದ್ದರು. ಅವರ ಪಟ್ಟಿಯಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಯಾರು? ನಮ್ಮ ವಿಶ್ವನಾಥನ್ ಆನಂದ್. ಐದು ಸಲದ ವಿಶ್ವ ಚಾಂಪಿಯನ್, ಅದೂ ಚೆನ್ನೈಯವರೇ.

ಎದುರಿಗೆ ನಿಂತವರು ಆಂದ್ರೀ ಬಾರಿಶ್‌ಪೊಲೆಟ್ಸ್, ಉಕ್ರೇನಿನ ಗ್ರ್ಯಾಂಡ್‌ಮಾಸ್ಟರ್. ಅವರ ಪಟ್ಟಿಯಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಡೆನ್ಮಾರ್ಕಿನ ಪೀಟರ್ ಹೈನ್ ನೀಲ್ಸನ್. ಈ ನೀಲ್ಸನ್ ಯಾರು ಗೊತ್ತೆ? ಆನಂದ್ ಅವರು 2008, 2010, 2012ರಲ್ಲಿ ವಿಶ್ವ ಪಟ್ಟಕ್ಕಾಗಿ ಆಡಿದಾಗ ಜೊತೆಯಲ್ಲಿ ಕೂತು, ರಾತ್ರಿಯೆಲ್ಲ ನಿದ್ದೆಗೆಟ್ಟು ಅವರಿಗಾಗಿ ನಡೆಗಳನ್ನು ಹುಡುಕಿ ಕೊಟ್ಟ ಸಹಾಯಕರಲ್ಲಿ ಒಬ್ಬರು. 2010ರ ಪಂದ್ಯ ಸೋಫಿಯಾದಲ್ಲಿ. ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತು, ಆನಂದ್ ಜರ್ಮನಿಯಿಂದ ರಸ್ತೆ ಹಿಡಿದು ದಿನಗಟ್ಟಲೆ ಪ್ರಯಾಣ ಮಾಡಿ ಅಲ್ಲಿಗೆ ತಲುಪಿದ್ದರು. ಮೂರು ದಿನ ಮುಂದಕ್ಕೆ ಹಾಕಿ ಎಂದು ಕೇಳಿದರೆ ಸಿಕ್ಕಿದ್ದು ಒಂದೇ ದಿನ. ಆದರೂ ಗೆದ್ದರು. ಅಂಥ ಪಂದ್ಯದಲ್ಲಿ ಒಂದೇ ಕಡೆ ಇದ್ದವರು ಈಗ ಎದುರುಬದುರು. ರಷ್ಯಾ ಸರ್ಕಾರದಲ್ಲಿದ್ದವರು ಇಂಥ ಹೊತ್ತಿನಲ್ಲಿ ಪ್ರಪಂಚದ ಚೆಸ್ಸಿನ ತಲೆಯಾಗಿರಬಾರದು ಎಂಬುದು ನೀಲ್ಸನ್ ವಾದ. ಡ್ವೊರ್ಕೊವಿಚ್ ತಂಡ ಒಳ್ಳೆಯ ಕೆಲಸ ಮಾಡಿದೆ ಎಂಬುದು ಆನಂದ್ ನಂಬಿಕೆ.

"ಅವರು ಜಗಳ ಆಡಿದ್ರಾ?"

ಜಗಳ ಬೇರೆ, ಬೇರೆ ಬೇರೆ ಕಡೆ ನಿಲ್ಲುವುದು ಬೇರೆ ಪುಟ್ಟಿ.

ಫಲಿತಾಂಶ: ಡ್ವೊರ್ಕೊವಿಚ್ 157, ಬಾರಿಶ್‌ಪೊಲೆಟ್ಸ್ 16. ಚೆನ್ನೈಯಲ್ಲಿ ಪಟಾಕಿ ಹೊಡೆಯುವಷ್ಟು ಖುಷಿ, ನಮ್ಮ ಆನಂದ್ ಉಪಾಧ್ಯಕ್ಷರಾದರು ಎಂದು. ನಾನೂ ಖುಷಿಪಟ್ಟೆ, ಸುಳ್ಳೇಕೆ? ಎರಡು ದಿನ ಕಳೆಯಿತು. ಕೊನೆಯ ಸುತ್ತು ಮುಗಿದಾಗ ಮಹಿಳೆಯರ ಚಿನ್ನ ಗೆದ್ದದ್ದು ಉಕ್ರೇನ್. ತಮ್ಮ ಊರಿನ ಮೇಲೆ ಬಾಂಬು ಬೀಳುತ್ತಿರುವಾಗ ಬಂದು ಕೂತು ಆಡಿದ ಹೆಣ್ಣುಮಕ್ಕಳು. ಅವರ ಕೊರಳಿಗೆ ಪದಕ ಬಿದ್ದ ಚಿತ್ರವನ್ನು ಪೇಪರಿನಲ್ಲಿ ಬಹಳ ಹೊತ್ತು ನೋಡಿದೆ. ಆ ಹದಿನಾರು ಓಟು ಯಾರದೋ ತಿಳಿಯದು, ಓಟು ಗುಟ್ಟಿನದು. ಸೋಲುವುದು ಖಚಿತ ಎಂದು ಗೊತ್ತಿದ್ದೂ ಅವರು ಚೀಟಿಯಲ್ಲಿ ಗುರುತು ಹಾಕಿದ್ದರು.

"ನೀವಾಗಿದ್ರೆ ಯಾರಿಗೆ ಓಟು, ತಾತ?"

ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. 2010ರಲ್ಲಿ ಕಾರ್ಪೋವ್‌ಗೆ, ಎರಡನೇ ಮಾತಿಲ್ಲ ಎಂದೆ. ಹದಿನೈದು ವರ್ಷ ಒಬ್ಬರ ಕೈಯಲ್ಲೇ ಬೀಗದ ಕೈ ಇದ್ದರೆ ಅದು ಬೇರೆಯವರ ಕೈಗೆ ಹೋಗಲಿ ಎನ್ನುವುದಕ್ಕಾದರೂ. 2014ರಲ್ಲಿ ಆ ಕಾಗದ ನೋಡಿದ ಮೇಲೂ ಕಾಸ್ಪರೋವ್‌ಗೇ ಹಾಕುತ್ತಿದ್ದೆನೇನೋ, ಆದರೆ ಕೈ ನಡುಗುತ್ತಿತ್ತು. 2022ರಲ್ಲಿ? ಆನಂದ್ ಹೆಸರು ಕಂಡರೆ ನನ್ನ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಅದು ಸರಿಯಾದ ಕಾರಣವೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

"ನಾನಾದ್ರೆ ಉಕ್ರೇನ್‌ಗೆ" ಎಂದಳು ಪುಟ್ಟಿ. ಆನಂದ್ ಚಿತ್ರ ಅವಳ ಕೋಣೆಯ ಗೋಡೆಯಲ್ಲೇ ಇದೆ!

ರಾತ್ರಿ ಮಲಗುವ ಮುಂಚೆ ಮತ್ತೆ ಬಂದಳು. "ತಾತ, ಆ ಅಂಗಡಿಯವ್ರು ಸೋತಿದ್ರೆ ಟ್ಯೂಬ್‌ಲೈಟ್ ಕಿತ್ಕೊಂಡು ಹೋಗ್ತಿದ್ರಾ?" ಎಂದು ಕೇಳಿದಳು. ಐವತ್ತು ವರ್ಷದಲ್ಲಿ ನಾನು ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಗುರುವಾರ ಶಾಲೆಗೆ ಹೋಗಿ ಆ ಹುಡುಗಿಯನ್ನು ನೇರವಾಗಿ ಕೇಳಿದಳಂತೆ: "ನೀನು ಸೋತ್ರೂ ನಿಮ್ಮಪ್ಪ ಗಡಿಯಾರ ಕೊಡಿಸ್ತಾರಾ?" ಅವಳು ಕಣ್ಣು ಪಿಳಿಪಿಳಿ ಮಾಡಿ, "ಅಪ್ಪನ್ನ ಕೇಳಿ ಹೇಳ್ತೀನಿ" ಎಂದಳಂತೆ. ಆಮೇಲೆ ಎಂಟನೇ ತರಗತಿಯವನ ಹತ್ತಿರವೂ ಹೋಗಿ, "ನೀನು ಲೀಡರ್ ಆದ್ಮೇಲೂ ಚಿಕ್ಕೋರನ್ನ ನೋಡಿ ನಗ್ತೀಯಾ?" ಎಂದು ಕೇಳಿದಳಂತೆ. ಅವನು ಅದಕ್ಕೂ ನಕ್ಕನಂತೆ, ಆದರೆ ಕಿವಿ ಕೆಂಪಾಗಿತ್ತಂತೆ.

ಶುಕ್ರವಾರ ಸಂಜೆ ಗೇಟಿನ ಹತ್ತಿರವೇ ಕಾದು ನಿಂತಿದ್ದೆ. ಬ್ಯಾಗು ಕೈಗೆ ತೆಗೆದುಕೊಂಡು, "ಯಾರಿಗೆ ಹಾಕಿದೆ?" ಎಂದೆ.

"ತಾತ! ಗುಪ್ತ ಮತದಾನ" ಎಂದು ಒಳಗೆ ಓಡಿದಳು. ಚೆಸ್ ಮಣೆ ಹಾಸುವ ಸದ್ದು ಕೇಳಿಸಿತು.